ಮೂರು ಸೀಸೆ ಹವಳದ ಪುಡಿ

ಪರೇಲಿನ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದ ಗುರಲಿಂಗಪ್ಪನಿಗೆ ಮನುಷ್ಯರ ಎಲುಬಿನ ಮೇಲಿದ್ದ ನಂಬಿಕೆ ಅವರ ಮಾತಿನ ಮೇಲಿರಲಿಲ್ಲ. ಗಂಡನಿಂದ ಏಟು ತಿಂದವಳು ಮೋರಿಯಲ್ಲಿ ಜಾರಿದೆ ಎನ್ನುತ್ತಾಳೆ. ಫಿಲ್ಮು ಮಾತ್ರ ಇದ್ದದ್ದನ್ನು ಇದ್ದಂತೆ ಹೇಳುತ್ತದೆ. ಹಾಗಾಗಿ ೧೯೭೫ರ ಫೆಬ್ರುವರಿಯ ಒಂದು ಮಧ್ಯಾಹ್ನ ಪೂವಪ್ಪನೆಂಬ ಮಂಗಳೂರಿನವನು ರೆಕ್ಸಿನ್ ಚೀಲದಿಂದ ಬಿಳಿ ಕಲ್ಲಿನ ಹಲಗೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟಾಗ ಅವನ ಹುಬ್ಬು ಗಂಟಿಕ್ಕಿತು.

"ಏನ್ರೀ ಇದು?"

"ಹವಳ ಮಾರಾಯ್ರೆ, ಲಕ್ಷದ್ವೀಪದ್ದು. ನಾನು ಫೋರ್ಟಿನ ಲ್ಯಾಬಿನವ. ನಮ್ಮ ವಸಂತಿ ಮೇಡಂ ಇದರಲ್ಲಿ ಸಮುದ್ರದ ಹಳೇ ಹವಾಮಾನ ಹುಡುಕ್ತಾರೆ. ನಿಮ್ಮ ದೊಡ್ಡ ಡಾಕ್ಟರ ಚೀಟಿ ಉಂಟು, ನೋಡಿ."

ಚೀಟಿಯೇನೋ ಸರಿಯಾಗಿತ್ತು. ಆದರೆ ಉಂಗುರದ ಹವಳ ಕೆಂಪಲ್ಲವೇ? ಪತ್ರಿಕೆಗಳ ತುಂಬ ಆಗ ದೋಣಿಯಲ್ಲಿ ಬಂದಿಳಿಯುವ ಕಳ್ಳಮಾಲಿನದೇ ಸುದ್ದಿ. ಗುರಲಿಂಗಪ್ಪ ಎಕ್ಸ್‌ರೇ ತೆಗೆದ. ಒಳಗೆ ಚಿನ್ನವಿರಲಿಲ್ಲ, ಕಪ್ಪು ಬಿಳುಪಿನ ಪಟ್ಟೆಗಳಿದ್ದವು, ಅವುಗಳ ಉದ್ದಕ್ಕೂ ಸೂಜಿಯಲ್ಲಿ ಚುಚ್ಚಿದಂಥ ತೂತುಗಳು. ಅವನ ಸಂಶಯ ಇನ್ನೂ ಹೆಚ್ಚಿತು.

ಫಿಲ್ಮು ಒಣಗುವಷ್ಟರಲ್ಲಿ ಊಟ ಮಾಡಿ ಬರುತ್ತೇನೆಂದು ಪೂವಪ್ಪ ಚೀಲ ಬಿಟ್ಟು ಹೋದ. ಗುರಲಿಂಗಪ್ಪ ಬಾಗಿಲು ಮುಂದೆ ಮಾಡಿ ಚೀಲಕ್ಕೆ ಕೈ ಹಾಕಿದ. ತಗಡಿನ ಡಬ್ಬಿ. ಅದರೊಳಗೆ ಹತ್ತಿಯಲ್ಲಿ ಸುತ್ತಿದ, ನಂಬರು ಬರೆದ ಪುಟ್ಟ ಗಾಜಿನ ಸೀಸೆಗಳು. ಒಂದೊಂದರ ತಳದಲ್ಲೂ ಚಿಟಿಕೆಯಷ್ಟು ಬಿಳಿ ಪುಡಿ.

"ಸಿಕ್ಕಿ ಮಗನ!" ಎಂದುಕೊಂಡ. ಮೂರು ಸೀಸೆ ಕಾಗದದ ಮೇಲೆ ಬಗ್ಗಿಸಿ, ನಾಲಿಗೆಗೆ ಮುಟ್ಟಿಸಿಕೊಂಡ. ಸುಣ್ಣ. ಬರೀ ಸಪ್ಪೆ ಸುಣ್ಣ. ಹೊರಗೆ ಚಪ್ಪಲಿ ಸದ್ದಾಗಲು, ಬೆರೆತುಹೋಗಿದ್ದ ಪುಡಿಯನ್ನು ಮೂರು ಪಾಲು ಮಾಡಿ ಸೀಸೆಗಳಿಗೆ ತುರುಕಿ ಮುಚ್ಚಿದ.

ಒಳಬಂದ ಪೂವಪ್ಪ ಫಿಲ್ಮು ನೋಡಿ ಹಿಗ್ಗಿದ. "ಒಂದು ಕಪ್ಪು ಒಂದು ಬಿಳಿ ಸೇರಿದ್ರೆ ಒಂದು ವರ್ಷ. ಬೇರೆ ಬೇರೆ ಕಾಲದ ಪುಡಿ ಕೊರೆದು ತೆಗ್ದಿದ್ದೇವೆ. ಅದರಲ್ಲಿ ಹಗುರದ ಆಕ್ಸಿಜನ್ ಹೆಚ್ಚಿದ್ರೆ ಆಗ ನೀರು ಬೆಚ್ಚಗಿತ್ತು ಅಂತ ಲೆಕ್ಕ. ಯಾರೂ ಥರ್ಮಾಮೀಟರ್ ಇಡದ ಕಾಲದ್ದೂ ಗೊತ್ತಾಗ್ತದೆ!"

ಪುಡಿ ಬೆರೆತದ್ದನ್ನು ಹೇಳದೆಯೇ ಗುರಲಿಂಗಪ್ಪ ಚೀಲ ಎತ್ತಿ ಅವನ ಕೈಗೆ ಕೊಟ್ಟ. ಪೂವಪ್ಪ ಹೋದ.

ಎರಡು ದಿನ ಅನ್ನ ರುಚಿಸಲಿಲ್ಲ. ಜೀವಮಾನದಲ್ಲಿ ಒಮ್ಮೆಯೂ ಒಬ್ಬರ ಫಿಲ್ಮಿಗೆ ಇನ್ನೊಬ್ಬರ ಹೆಸರು ಅಂಟಿಸಿದವನಲ್ಲ ಅವನು. ಮೂರನೇ ದಿನ ರಜೆ ಹಾಕಿ ಫೋರ್ಟಿಗೆ ಹೋದ. ವಸಂತಿ ಕನ್ನಡಕ ತೆಗೆದು ಅವನ ಮಾತನ್ನೆಲ್ಲ ಕೇಳಿದಳು.

"ಯಾರು ಕಳಿಸಿದ್ದು ನಿಮ್ಮನ್ನು? ಯಾವ ಲ್ಯಾಬಿನವರು?"

"ಯಾರೂ ಕಳಿಸಿಲ್ರೀ. ನನಗ ಡೌಟ್ ಬಂತು, ತೆಗದ ನೋಡಿದೆ. ತಪ್ಪಾತು."

"ಡೌಟ್ ಬಂದವರು ನನ್ನನ್ನು ಕೇಳ್ಬಹುದಿತ್ತಲ್ಲ?"

ತಾನು ರೋಗಿಗಳನ್ನು ನೋಡುವ ಹಾಗೆಯೇ ಅವಳು ತನ್ನನ್ನು ನೋಡುತ್ತಿದ್ದಾಳೆ ಎಂಬುದು ಅವನಿಗೆ ಚುಚ್ಚಿತು. ಆದರೂ ಎದ್ದು ಹೋಗಲಿಲ್ಲ. ಸೀಸೆಗಳ ನಂಬರು ಹೇಳಿದ. ಪಟ್ಟೆ ಇನ್ನಷ್ಟು ಸ್ಪಷ್ಟವಾಗಿ ಕಾಣುವಂತೆ ಮತ್ತೊಂದು ಫಿಲ್ಮು ತೆಗೆದುಕೊಡುತ್ತೇನೆ, ಅದನ್ನು ನೋಡಿ ಪಕ್ಕದಲ್ಲೇ ಕೊರೆಯಬಹುದು ಎಂದ. ಅವಳು ಒಪ್ಪಿದಳು. ಆದರೆ ಹಲಗೆಯನ್ನು ಆಸ್ಪತ್ರೆಗೆ ತಾನೇ ಹೊತ್ತು ತಂದಳು, ಅವನು ಮುಟ್ಟಿದಾಗಲೆಲ್ಲ ಅವನ ಕೈಯನ್ನೇ ನೋಡುತ್ತ ನಿಂತಳು.

ಎರಡು ಸೀಸೆಯ ಪುಡಿ ಮತ್ತೆ ಸಿಕ್ಕಿತು. ಮೂರನೆಯದರ ಪಟ್ಟೆ ತೀರ ತೆಳು, ಡ್ರಿಲ್ ಇಡಲು ಜಾಗವೇ ಉಳಿದಿರಲಿಲ್ಲ. ಮಳೆಗಾಲ ಮುಗಿದ ಮೇಲೆ ಪೂವಪ್ಪ ಗ್ರಾಫಿನ ಪ್ರತಿಯೊಂದನ್ನು ತಂದು ತೋರಿಸಿದ. ಅರವತ್ತು ವರ್ಷಗಳ ಸಮುದ್ರ ಏರುತ್ತ ಇಳಿಯುತ್ತ ಸಾಗಿತ್ತು. ೧೯೨೬ರ ಹತ್ತಿರ ಗೆರೆ ಒಂದಿಷ್ಟು ತುಂಡಾಗಿತ್ತು.

"ಅಂದಾಜಿಗೆ ಜೋಡಿಸಬಹುದಿತ್ತು, ಮೇಡಂ ಬೇಡ ಅಂದ್ರು," ಎಂದ ಪೂವಪ್ಪ.

"ಛಲೋ ಮಾಡ್ಯಾರ," ಎಂದ ಗುರಲಿಂಗಪ್ಪ.