ಏಳನೆಯ ಚೌಕ

ಹದಿನಾಲ್ಕು ವರ್ಷ ನಾನು ಜನರ ಮೂಗು ತಟ್ಟಿದ್ದೇನೆ. ಇದನ್ನು ಕೇಳಿ ನಗುವವರು ಈಗಲೇ ನಕ್ಕು ಮುಗಿಸಲಿ, ನಡುವೆ ನಕ್ಕರೆ ನನಗೆ ಸಿಟ್ಟು ಬರುತ್ತದೆ. ನರಕೋಶಗಳೊಳಗಿನ ಅಣುಗಳು, ಆ ಅಣುಗಳನ್ನು ಕಟ್ಟುವ ಜೀನುಗಳು, ಇದು ನನ್ನ ವಿಷಯ. ನನ್ನ ತಾಯಿ ಹಜರತಬೀ ಗಂಗಾವತಿಯ ನಮ್ಮ ಓಣಿಯಲ್ಲಿ ಅದನ್ನೇ ಬೇರೆ ರೀತಿ ಹೇಳುತ್ತಾಳೆ. ನಮ್ಮ ತಸ್ಲೀಮಾ ಮಂದಿಯ ಮೂಗು ಬಡಿದು ಪಗಾರ ಎಣಿಸುತ್ತಾಳೆ ಅನ್ನುತ್ತಾಳೆ. ತಿದ್ದಿ ತಿದ್ದಿ ಸಾಕಾಗಿ ಬಿಟ್ಟುಬಿಟ್ಟಿದ್ದೇನೆ.

ಮೂಗು ತಟ್ಟುವುದಕ್ಕೆ ಕಾರಣವಿದೆ. ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಂದು ದೊಡ್ಡ ಮನೆತನವಿದೆ. ಊರಿನ ಹೆಸರು ಹೇಳುವುದಿಲ್ಲ, ಹೇಳುವುದಿಲ್ಲವೆಂದು ನಮ್ಮ ಸಂಸ್ಥೆಗೆ ಬರೆದುಕೊಟ್ಟಿದ್ದೇನೆ. ಮನೆಯವರ ಹೆಸರನ್ನೂ ಬದಲಿಸಿದ್ದೇನೆ. ಆ ಮನೆಯ ಅರ್ಧ ಜನ, ಎಲ್ಲಾದರೂ ಫಟ್ ಎಂದು ಸಪ್ಪಳವಾದರೆ ಸಾಕು, ಮೈ ಸೆಟೆದು ನಿಂತ ನಿಲುವಿನಲ್ಲೇ ಬಿದ್ದುಬಿಡುತ್ತಾರೆ. ಎಚ್ಚರ ತಪ್ಪುವುದಿಲ್ಲ. ಕಣ್ಣು ತೆರೆದೇ ಇರುತ್ತವೆ, ಮಾತು ಮಾತ್ರ ಹೊರಡುವುದಿಲ್ಲ. ಹತ್ತು ಹನ್ನೆರಡು ಎಣಿಸುವಷ್ಟರಲ್ಲಿ ಮೈ ಸಡಿಲಾಗುತ್ತದೆ, ಎದ್ದು ಬಿಟ್ಟ ಕೆಲಸಕ್ಕೆ ಕೈಹಾಕುತ್ತಾರೆ. ಇಂಥವರ ಮೂಗಿನ ತುದಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ತಲೆ ಹಿಂದಕ್ಕೆ ಸಿಡಿಯುತ್ತದೆ. ಅದೇ ಪರೀಕ್ಷೆ.

ಬೇರೆ ಕಡೆಯಾಗಿದ್ದರೆ ಇದನ್ನು ರೋಗ ಅನ್ನುತ್ತಿದ್ದರು. ಇಲ್ಲಿ ಇದು ಮನೆತನದ ಮರ್ಯಾದೆ. ನಿಜಾಮನ ಕಾಲದಲ್ಲಿ ಯಾರೋ ಬಂದೂಕು ಹಾರಿಸಿದಾಗ ಇವರ ಮೂಲಪುರುಷ ಸೆಟೆದು ಬಿದ್ದನಂತೆ, ಸತ್ತನೆಂದು ಬಿಟ್ಟು ಹೋದರಂತೆ, ಓಡಿದವರೆಲ್ಲ ಸತ್ತರಂತೆ. ಅಂದಿನಿಂದ ಬೀಳುವವರೇ ಅಸಲು ವಾರಸುದಾರರು. ಊರು ಕೂಡ ಅವರಿಗೆ ಹೊಂದಿಕೊಂಡಿದೆ. ಬಸ್ಸಿನ ಡ್ರೈವರ್ ಅವರ ಓಣಿಯ ತಿರುವಿನಲ್ಲಿ ಹಾರ್ನ್ ಹೊಡೆಯುವುದಿಲ್ಲ. ಮದುವೆಗೆ ಬಂದ ಬ್ಯಾಂಡಿನವರು ದೊಡ್ಡ ಡ್ರಮ್ಮನ್ನು ಊರ ಹೊರಗಿಟ್ಟು ಬರುತ್ತಾರೆ. ಒಮ್ಮೆ ಯಾರೋ ಉಡುಗೊರೆಯಾಗಿ ಕುಕ್ಕರ್ ಕೊಟ್ಟಿದ್ದರು, ಮೊದಲ ಸೀಟಿಗೆ ಆರು ಜನ ಬಿದ್ದರು. ಅದರಲ್ಲೀಗ ತುಳಸಿ ಬೆಳೆಸಿದ್ದಾರೆ.

ಪಡಸಾಲೆಯಲ್ಲಿ ಗೋಡೆಗುಂಟ ಗಾದಿಗಳಿರುತ್ತವೆ, ಬೀಳುವವರಿಗೆ ಒಬ್ಬೊಬ್ಬರಿಗೆ ಒಂದೊಂದು. ಅವನ್ನೆಲ್ಲ ಅರಳೆ ಹಿಂಜಿ ತುಂಬಿ ಹೊಲಿದವನು ನನ್ನ ಅಪ್ಪ, ಪಿಂಜಾರ ಫಕ್ರುದ್ದೀನ. ಎಂಟನೆಯ ಕ್ಲಾಸಿನಲ್ಲಿದ್ದಾಗ ನಾನೂ ಅಪ್ಪನ ಜೊತೆ ಹೋಗಿದ್ದೆ. ಅರಳೆಯ ಧೂಳಿಗೆ ಸೀನಿದೆ. ಮೂರು ಜನ ಬಿದ್ದರು. ಮೂವರನ್ನೂ ಕೊಂದುಬಿಟ್ಟೆನೆಂದು ತಿಳಿದು ಅಳುತ್ತ ಕೂತೆ. ಮನೆಯ ಯಜಮಾನ ಹನುಮಣ್ಣ ಎದ್ದು, ಧೂಳು ಝಾಡಿಸಿಕೊಂಡು, ನನಗೆ ಒಂದು ಹೆಂಟೆ ಬೆಲ್ಲ ಕೊಟ್ಟ. ನನ್ನ ಇಡೀ ವೃತ್ತಿ ಶುರುವಾದದ್ದು ಆ ಸೀನಿನಿಂದ. ಸಂದರ್ಶನಗಳಲ್ಲಿ ಮಾತ್ರ ಬೇರೆ ಏನೋ ಘನವಾದದ್ದನ್ನು ಹೇಳುತ್ತೇನೆ.

ಮನೆತನದ ನಲವತ್ತೊಂದು ಜನರ ರಕ್ತ ತೆಗೆದೆ, ನಲವತ್ತೊಂದು ಮೂಗು ತಟ್ಟಿದೆ. ಬೀಳುವವರಲ್ಲಿ ಒಂದು ಜೀನು ಕೆಟ್ಟಿರುವುದನ್ನು ಕಂಡುಹಿಡಿದೆ. ವಂಶದ ಪಟ ಬರೆದೆ: ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ, ಬೀಳುವವರು ಕಪ್ಪು, ಬೀಳದವರು ಬಿಳಿ. ಅದರ ದೊಡ್ಡ ಪ್ರತಿಯೊಂದನ್ನು ಪ್ರೀತಿಯಿಂದ ಅವರಿಗೆ ಕೊಟ್ಟೆ. ಅದು ನಾನು ಮಾಡಿದ ತಪ್ಪು. ಅವರು ಚೌಕಟ್ಟು ಹಾಕಿಸಿ ದೇವರ ಫೋಟೋಗಳ ಸಾಲಿನಲ್ಲಿ ತೂಗುಹಾಕಿ ಕುಂಕುಮ ಹಚ್ಚಿದರು. ಹನುಮಣ್ಣನ ತಮ್ಮ ಹುಲಗಪ್ಪ, ಅರವತ್ತೆಂಟರ ಮನುಷ್ಯ, ಬಂದ ಬೀಗರಿಗೆಲ್ಲ ಮೂರನೆಯ ಸಾಲಿನ ಏಳನೆಯ ಚೌಕವನ್ನು ತೋರಿಸಿ, ಈ ಕರೇದು ನಾನು ಎಂದು ಹೇಳುತ್ತಿದ್ದ.

ನನ್ನ ಗ್ರಹಚಾರವೂ ಆ ಏಳನೆಯ ಚೌಕದಲ್ಲೇ ಕೂತಿತ್ತು. ಹುಲಗಪ್ಪ ಬೀಳುತ್ತಿದ್ದ, ಆದರೆ ಅವನ ಜೀನು ಮಾತ್ರ ಅಚ್ಚುಕಟ್ಟಾಗಿತ್ತು. ಮೂರು ಸಲ ರಕ್ತ ತೆಗೆದೆ. ಫ್ರೀಜರ್ ಬದಲಿಸಿದೆ. ತಪ್ಪೇ ಮಾಡದ ನಮ್ಮ ಲ್ಯಾಬಿನ ಅಕ್ಬರನನ್ನು ಬಾಯಿಗೆ ಬಂದಂತೆ ಬೈದೆ. ಹುಲಗಪ್ಪನಲ್ಲಿ ಇನ್ನೊಂದು ಜೀನು ಕೆಟ್ಟಿರಬೇಕೆಂದು ಹುಡುಕಲು ಒಬ್ಬ ವಿದ್ಯಾರ್ಥಿನಿಯನ್ನು ಹಚ್ಚಿದೆ. ಅವಳು ನಾಲ್ಕು ವರ್ಷ ಹುಡುಕಿದಳು, ಪಾಪ, ಕಂಡುಹಿಡಿದೂ ಬಿಟ್ಟಳು. ಡಾಕ್ಟರೇಟ್ ಬಂತು, ನೌಕರಿಯೂ ಸಿಕ್ಕಿತು. ಅಂಥ ಜೀನು ಇಲ್ಲವೆಂದು ಈಗ ಹೋಗಿ ಹೇಳುವ ಧೈರ್ಯ ನನಗಿಲ್ಲ.

ಕೊನೆಗೆ ಹೋದ ವರ್ಷ ಒಂದು ವಿಜ್ಞಾನ ಪತ್ರಿಕೆಗೆ ಲೇಖನ ಕಳಿಸಿದೆ. ಯಾವುದೋ ಚಳಿದೇಶದಲ್ಲಿ ಕೂತ ವಿಮರ್ಶಕನಿಂದ ಒಂದೇ ಸಾಲು ಬಂತು. ಮೂರನೆಯ ಸಾಲಿನ ಏಳನೆಯ ಚೌಕವನ್ನು ವಿವರಿಸಿ, ಇಲ್ಲವೇ ಲೇಖನ ಹಿಂತೆಗೆದುಕೊಳ್ಳಿ. ಇತ್ತ ನಮ್ಮ ನಿರ್ದೇಶಕರು, ಮಾರ್ಚಿನೊಳಗೆ ಲೇಖನ ಅಚ್ಚಾಗದಿದ್ದರೆ ಪ್ರಯೋಗಾಲಯದ ಕೀಲಿ ಕೊಟ್ಟುಬಿಡಿ ಎಂದು ನಗುನಗುತ್ತ ಹೇಳಿದರು.

ಗಂಗಾವತಿಗೆ ಬಂದು ಊಟಕ್ಕೆ ಕೂತು ಆ ವಿಮರ್ಶಕನ ವಂಶವನ್ನೆಲ್ಲ ಬೈಯುತ್ತಿದ್ದೆ. ಅಪ್ಪ ರೊಟ್ಟಿ ಮುರಿಯುತ್ತ ಕೇಳಿಸಿಕೊಂಡ. ಆಮೇಲೆ, ಆ ಮನೆಯ ಗಾದಿಗಳನ್ನು ರಿಪೇರಿಗೆ ಬಿಚ್ಚುವಾಗ ತನಗೊಂದು ವಿಷಯ ಸೋಜಿಗವೆನಿಸುತ್ತಿತ್ತು ಎಂದ. ಉಳಿದವರ ಗಾದಿಗಳು ಅಂಚಿನಲ್ಲಿ ಹರಿಯುತ್ತವೆ, ಕೆಲವಂತೂ ಹೊಸದರ ಹಾಗೇ ಇರುತ್ತವೆ, ಯಾಕೆಂದರೆ ಅವರು ಬೀಳುವಾಗ ಗಾದಿ ತಪ್ಪಿಯೇ ಬೀಳುತ್ತಾರೆ. ಹುಲಗಪ್ಪನ ಗಾದಿ ಮಾತ್ರ ಪ್ರತಿ ಸಲ ನಟ್ಟನಡುವೆ ತಗ್ಗು ಬಿದ್ದಿರುತ್ತದೆ.

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಲ್ಯಾಪ್‌ಟಾಪ್ ತೆಗೆದು ಹಳೆಯ ಅಳತೆಗಳನ್ನು ನೋಡಿದೆ. ಮೂಗು ತಟ್ಟಿದ ಮೇಲೆ ಉಳಿದವರ ತಲೆ ಕಣ್ಣು ಪಿಳುಕಿಸುವುದಕ್ಕೂ ಮೊದಲು ಸಿಡಿದಿತ್ತು. ಹುಲಗಪ್ಪನ ತಲೆ ಅದರ ಐದು ಪಟ್ಟು ಹೊತ್ತು ತೆಗೆದುಕೊಂಡಿತ್ತು. ಹನ್ನೊಂದು ವರ್ಷದಿಂದ ಆ ಅಂಕಿ ನನ್ನ ಬಳಿಯೇ ಇತ್ತು, ವಯಸ್ಸಾಗಿದೆ ಎಂದು ಪಕ್ಕಕ್ಕಿಟ್ಟಿದ್ದೆ. ನನಗೆ ನನ್ನ ಮೇಲೇ ಹೇಸಿಕೆಯಾಯಿತು.

ಮರುದಿನವೇ ಹೊರಟೆ. ಸುಗ್ಗಿ ಮುಗಿದಿತ್ತು, ಹೆಳವ ಬರುವ ಹೊತ್ತು. ಹೆಳವರೆಂದರೆ ಮನೆತನಗಳ ವಂಶಾವಳಿಯನ್ನು ಪುಸ್ತಕದಲ್ಲಿಟ್ಟು, ವರ್ಷಕ್ಕೊಮ್ಮೆ ಬಂದು ಮನೆ ಮುಂದೆ ಹಾಡಿ ಹೇಳಿ ಕಾಳು ಪಡೆಯುವವರು. ಈ ಮನೆತನದ ಹೆಳವ ಯಮನೂರ. ಈ ಮನೆಯಲ್ಲಿ ಅವನಿಗೆ ಇನ್ನೊಂದು ಕೆಲಸವೂ ಇದೆ. ವಂಶ ಹೇಳಿ ಮುಗಿಸಿ ಒಮ್ಮೆಲೇ ಗಂಟೆ ಹೊಡೆಯುತ್ತಾನೆ. ಎಂಟು ವರ್ಷ ತುಂಬಿದ ಮಕ್ಕಳೂ ಅಂದು ಅಂಗಳದಲ್ಲಿ ನಿಲ್ಲಬೇಕು. ಯಾರು ಬಿದ್ದವರು, ಯಾರು ನಿಂತವರು ಎಂದು ಪುಸ್ತಕಕ್ಕೆ ಏರುತ್ತದೆ. ಅವನ ಪುಸ್ತಕಕ್ಕೂ ನನ್ನ ಪಟಕ್ಕೂ ಒಂದು ಚೌಕದ ವ್ಯತ್ಯಾಸವೂ ಇಲ್ಲವೆಂದು ನಾನು ದೊಡ್ಡ ಸಭೆಗಳಲ್ಲಿ ಜಂಬ ಕೊಚ್ಚಿದ್ದೆ.

ಹುಲಗಪ್ಪ ಕಾಕಾ ಹಿತ್ತಲಿನಲ್ಲಿ ಎಮ್ಮೆಗೆ ಜೋಳದ ಸೊಪ್ಪಿ ಹಾಕುತ್ತಿದ್ದ. ನೀನು ಬೇಕಂತಲೇ ಬೀಳುತ್ತೀಯಲ್ಲವೇ ಎಂದು ನಾನು ಸುತ್ತಿಬಳಸದೆ ಕೇಳಿಬಿಟ್ಟೆ. ಅವನು ಸೊಪ್ಪಿ ಹಾಕುವುದನ್ನು ನಿಲ್ಲಿಸಲಿಲ್ಲ.

"ಎಂಟು ವರ್ಷದಾಂವ ಇದ್ದೆ. ಹೆಳವ ಗಂಟಿ ಹೊಡದಾ. ಅಣ್ಣ ಬಿದ್ದಾ, ಅಪ್ಪ ಬಿದ್ದಾ, ನಾ ನಿಂತ ಇದ್ದೆ. ಅಪ್ಪ ಬಿದ್ದಲ್ಲಿಂದನ ನನ್ನ ನೋಡಾಕತ್ತಿದ್ದ. ಆ ನೋಟ ನನಗ ತಡಕೊಳ್ಳಾಕ ಆಗಲಿಲ್ಲ ಯವ್ವಾ. ಬಿದ್ದಬಿಟ್ಟೆ."

ಒಮ್ಮೆ ಬಿದ್ದ ಮೇಲೆ ಬೀಳುತ್ತಲೇ ಇರಬೇಕಾಯಿತು. ಯಾವ ಸಪ್ಪಳ ಯಾವಾಗ ಆಗುತ್ತದೋ ಎಂದು ಅರವತ್ತು ವರ್ಷ ಕಿವಿ ನಿಮಿರಿಸಿಕೊಂಡೇ ಬದುಕಿದ್ದ. ಹೆಂಡತಿ ಕಸ್ತೂರೆಮ್ಮನಿಗೂ ಹೇಳಿರಲಿಲ್ಲ. ಮದುವೆಯಾದಾಗಿನಿಂದ ಅವಳು ಅವನ ಸೊಂಟಕ್ಕೆ ಎಣ್ಣೆ ತಿಕ್ಕುತ್ತ ಬಂದಿದ್ದಳು. ಏಳನೆಯ ಚೌಕವನ್ನು ಬಿಳಿ ಮಾಡಬೇಕಾಗುತ್ತದೆ ಎಂದು ನಾನು ಹೇಳಿದೆ. ಅವನು ಕೈ ಒರೆಸಿಕೊಂಡು ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತ. ನಾನು ಸತ್ತ ಮೇಲೆ ಮಾಡು, ಅಲ್ಲಿತನಕ ಕಪ್ಪಾಗಿಯೇ ಇರಲಿ ಎಂದು ಬೇಡಿಕೊಂಡ. ಇವರು ನನ್ನನ್ನು ತಮ್ಮವನಲ್ಲ ಅಂದರೆ ನಾನು ಎಲ್ಲಿ ಹೋಗಲಿ ಅಂದ. ನನಗೆ ತಲೆ ಕೆಟ್ಟಿತು. ಅನ್ನಬಾರದ್ದನ್ನು ಅಂದೆ. ನಿನ್ನ ನಾಟಕದಿಂದ ನನ್ನ ಹದಿನಾಲ್ಕು ವರ್ಷ ಹಾಳಾಯಿತು ಅಂದೆ.

"ನಿಂದು ಹದಿನಾಲ್ಕು," ಅಂದ. "ನಂದು ಅರವತ್ತು."

ನನಗೆ ನಾಚಿಕೆಯಾಯಿತು. ಲೇಖನಕ್ಕೆ ಬಿಳಿ ಚೌಕ, ಮನೆಯ ಗೋಡೆಗೆ ಕಪ್ಪು ಚೌಕ, ಎರಡು ಪಟ ಇಡೋಣ ಎಂದು ನಾನೇ ಒಂದು ಕಳ್ಳ ಉಪಾಯ ಹೇಳಿದೆ. ಇದು ಗೊತ್ತಾದರೆ ನಮ್ಮ ಸಂಸ್ಥೆಯವರು ನನ್ನ ಮೂಗು ತಟ್ಟುತ್ತಾರೆ. ಅವನು ಒಪ್ಪಲಿಲ್ಲ. ಮನೆಯ ಮೊಮ್ಮಕ್ಕಳೆಲ್ಲ ಫೋನಿನಲ್ಲಿ ಜಗತ್ತನ್ನೇ ಓದುತ್ತಾರೆ, ಇದನ್ನು ಓದದೆ ಬಿಟ್ಟಾರೆಯೇ ಎಂದ. ಯಾರದೋ ಕಾಗದದಲ್ಲಿ ನೋಡಿ ತಿಳಿಯುವುದು ಬೇಡ, ನಾಳೆ ಗಂಟೆ ಹೊಡೆದಾಗ ನಾನೇ ನಿಂತು ತೋರಿಸುತ್ತೇನೆ ಎಂದು ಹೇಳಿ ಎದ್ದ.

ಮರುದಿನ ಬೆಳಿಗ್ಗೆ ಯಮನೂರ ಬೈಕಿನ ಮೇಲೆ ಬಂದ, ಗಂಟೆಯ ನಾಲಗೆಗೆ ಅರಿವೆ ಸುತ್ತಿತ್ತು. ಅಂಗಳದ ತುಂಬ ಗಾದಿ ಹಾಸಿದರು. ಬೀಳುವವರು ಮುಂದೆ, ಬೀಳದವರು ಹಿಂದೆ. ವಂಶ ಹೇಳಿದ್ದಾಯಿತು. ಯಮನೂರ ಅರಿವೆ ಬಿಚ್ಚಿ ಗಂಟೆ ಹೊಡೆದ.

ಇಪ್ಪತ್ತೊಂದು ಜನ ಧಡಧಡ ಬಿದ್ದರು. ಹುಲಗಪ್ಪ ನಿಂತಿದ್ದ. ರೂಢಿಯ ಬಲಕ್ಕೆ ಮೈ ಎರಡು ಸಲ ವಾಲಿತು. ಹಲ್ಲುಕಚ್ಚಿ ನಿಂತ. ನೆಲದ ಮೇಲಿನಿಂದ ಇಪ್ಪತ್ತೊಂದು ಜನರ ತೆರೆದ ಕಣ್ಣುಗಳು ಅವನನ್ನೇ ನೋಡುತ್ತಿದ್ದವು, ಯಾರಿಗೂ ಬಾಯಿಲ್ಲ. ಹನ್ನೊಂದು ಸೆಕೆಂಡು. ಕೆಟ್ಟ ಚಟ, ನಾನು ಎಣಿಸುತ್ತಿದ್ದೆ. ಹುಲಗಪ್ಪನ ಕಣ್ಣಿಂದ ನೀರು ಇಳಿಯುತ್ತಿತ್ತು.

ಮೊದಲು ಸಡಿಲಾದವನು ಹನುಮಣ್ಣ. ಮೊಣಕೈ ಊರಿ ಅರ್ಧ ಎದ್ದು ಕೂತ.

"ಗೊತ್ತಿತ್ತೋ ತಮ್ಮಾ. ಬಿದ್ದಾವ್ರ ಕಣ್ಣು ತೆರದ ಇರತಾವಲ್ಲ. ವರ್ಷಾ ವರ್ಷಾ ನೋಡೀವಿ. ನಾವೆಲ್ಲಾ ಬಿದ್ದ ಮ್ಯಾಲೆ ನೀ ಗಾದಿ ನೋಡಕೊಂಡು ಬೀಳ್ತಿದ್ದಿ."

ಸಡಿಲಾದವರೆಲ್ಲ ಒಬ್ಬೊಬ್ಬರಾಗಿ ಹೌದೆಂದು ತಲೆಯಾಡಿಸಿದರು. ಬೀಳುವವರೆಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರು ನಿಂತವರು ಮಾತ್ರ, ಅವರಿಗೆ ಬಿದ್ದವರನ್ನು ಎತ್ತುವುದೇ ಗಡಿಬಿಡಿ. ಮತ್ತೆ ನಾನು. ಈ ಜನರ ರಕ್ತ ಕೇಳಿದ್ದೆ, ಮೂಗು ಕೇಳಿದ್ದೆ, ಏಳು ತಲೆಮಾರಿನ ಹೆಸರು ಕೇಳಿದ್ದೆ. ಬಿದ್ದಾಗ ನಿಮಗೆ ಏನು ಕಾಣುತ್ತದೆ ಎಂದು ಒಂದು ದಿನವೂ ಕೇಳಿರಲಿಲ್ಲ.

ಹುಲಗಪ್ಪನಿಗೆ ಸಮಾಧಾನವಾಗುವುದಿರಲಿ, ಕೆಂಡದಂಥ ಸಿಟ್ಟು ಬಂತು. ಅರವತ್ತು ವರ್ಷ ತನ್ನನ್ನು ಮಂಗ ಮಾಡಿದಿರಿ, ಸೊಂಟ ಮುರಿದುಕೊಂಡೆ, ಒಬ್ಬರಾದರೂ ಯಾಕೆ ಹೇಳಲಿಲ್ಲ ಎಂದು ಅಣ್ಣನ ಮೇಲೆ ಹರಿಹಾಯ್ದ. ಹನುಮಣ್ಣ ಎದ್ದು ನಿಂತು ಧೋತರ ಸರಿಮಾಡಿಕೊಂಡ.

"ನಾವು ತಡೀಲಾರದ ಬೀಳ್ತೀವಿ. ನೀ ಬೇಕಂತನ ನಮ್ಮ ಬಾಜೂಕ ಬಂದು ಬೀಳ್ತಿದ್ದಿ. ಬ್ಯಾಡ ಅನ್ನಾಕ ನನಗ ಮನಸ್ಸಾಗಲಿಲ್ಲ."

ಅಷ್ಟರಲ್ಲಿ ಬಾಗಿಲಲ್ಲಿದ್ದ ಕಸ್ತೂರೆಮ್ಮ ಅಂಗಳಕ್ಕೆ ಬಂದಳು. ಗಂಡನ ಗಾದಿಯನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಒಳಗೆ ಹೋದಳು. ಇಷ್ಟು ವರ್ಷ ಎಣ್ಣೆ ತಿಕ್ಕಿದ ಕೈಗಳ ಸಿಟ್ಟು ಎಲ್ಲಿಯಾದರೂ ಹೋಗಬೇಕಲ್ಲ, ತಾಮ್ರದ ಕೊಡವನ್ನು ಎತ್ತಿ ಕಲ್ಲಿನ ಮೇಲೆ ಅಪ್ಪಳಿಸಿದಳು. ಇಪ್ಪತ್ತೊಂದು ಜನ ಮತ್ತೆ ಸೆಟೆದು ವಾಲಿದರು.

ಹನುಮಣ್ಣನ ಹಿಂದೆ ಗಾದಿ ಇರಲಿಲ್ಲ, ಕಟ್ಟೆಯ ಮೂಲೆಗಲ್ಲಿತ್ತು. ಹುಲಗಪ್ಪ ಎರಡೂ ಕೈ ಚಾಚಿ ಹಾರಿ ಹಿಡಿದುಕೊಂಡ. ಎಪ್ಪತ್ನಾಲ್ಕು ವರ್ಷದ ಅಣ್ಣ ಸೆಟೆದ ಮೈಯಲ್ಲಿ ತಮ್ಮನ ತೋಳಿಗೆ ಒರಗಿ, ಕಣ್ಣು ಬಿಟ್ಟುಕೊಂಡು ಅವನನ್ನೇ ನೋಡುತ್ತಿದ್ದ. ಹುಲಗಪ್ಪ ಬಿಡಲಿಲ್ಲ. ಇಷ್ಟು ವರ್ಷ ಅಣ್ಣ ಬಿದ್ದಾಗಲೆಲ್ಲ ತಾನೂ ನೆಲದ ಮೇಲೇ ಇರುತ್ತಿದ್ದೆನಲ್ಲ ಎಂದು ಆಮೇಲೆ ನನಗೆ ಹೇಳಿ ಅತ್ತ.

ಯಮನೂರ ಪುಸ್ತಕ ಬಿಡಿಸಿ ಪೆನ್ನು ಹಿಡಿದು, ಈಗ ಏನು ಬರೆಯಲಿ ಎಂದು ನನ್ನನ್ನು ಕೇಳಿದ. ಹುಲಗಪ್ಪ ತಲೆಯೆತ್ತದೆ ಅಣ್ಣನನ್ನು ಹಿಡಿದುಕೊಂಡೇ ಹೇಳಿದ.

"ನಿಂತಾಂವ ಅಂತ ಬರಿ. ಇವತ್ತಿನಿಂದ ಅಂತ ತಾರೀಖು ಹಾಕು."

ಯಮನೂರ ತಾರೀಖು ಹಾಕಿದ. ನಾನೂ ಲ್ಯಾಪ್‌ಟಾಪ್ ತೆರೆದು ಏಳನೆಯ ಚೌಕವನ್ನು ಬಿಳಿ ಮಾಡಿದೆ. ನಮ್ಮ ಪಟಗಳಲ್ಲಿ ತಾರೀಖು ಹಾಕುವ ಪದ್ಧತಿಯಿಲ್ಲ, ಬಿಳಿ ಅಂದರೆ ಹುಟ್ಟಿದಾಗಿನಿಂದ ಬಿಳಿ. ಲೇಖನ ಅಚ್ಚಾಯಿತು, ಪ್ರಯೋಗಾಲಯ ಉಳಿಯಿತು, ವಿಮರ್ಶಕ ತೃಪ್ತನಾದ. ಅರವತ್ತು ವರ್ಷ ಬಿದ್ದವನನ್ನು ಒಂದು ದಿನವೂ ಬೀಳದವನೆಂದು ನಾನು ಜಗತ್ತಿಗೆಲ್ಲ ಸಾಬೀತು ಮಾಡಿದ್ದೇನೆ.