ಪಾಸ್ಟರರ ಸಮಯಪಾಲನೆ

"ನನ್ನ ಗುಟ್ಟು ಇಷ್ಟೇ. ಬೆಳಗಿನ ಜಾವ ಎದ್ದು ದೇವರ ಮುಂದೆ ಕೂತ್ಕೋತೀನಿ. ಆ ದಿನ ಯಾರ ಮನೆಗೆ ಹೋಗಬೇಕು, ಯಾರಿಗೆ ಏನು ಕಷ್ಟ ಅನ್ನೋದನ್ನ ಆತನೇ ಒಂದೊಂದಾಗಿ ನೆನಪು ಮಾಡ್ತಾನೆ."

ಮೈಕಿನಲ್ಲಿ ಗಂಡ ಹೇಳಿದ್ದು ಪ್ರೇಮಲತಾಗೆ ಸ್ಪಷ್ಟವಾಗಿ ಕೇಳಿಸಿತು. ಚನ್ನಗಿರಿಯ ಚರ್ಚಿನ ಹಿಂದೆ, ತಗಡಿನ ಮಾಡಿನ ಕೆಳಗೆ, ಅವಳು ಬೇರೆ ಪಾಸ್ಟರುಗಳ ಹೆಂಡತಿಯರ ಜೊತೆ ಪಲಾವಿಗೆ ಈರುಳ್ಳಿ ಹುರಿಯುತ್ತಿದ್ದಳು. ಕೈ ನಿಂತುಹೋಯಿತು. ಸೀದ ವಾಸನೆ ಬಂದಾಗ ಪಕ್ಕದಲ್ಲಿದ್ದ ಸಂಧ್ಯಾರಾಣಿ ಸೌಟು ಕಿತ್ತುಕೊಂಡಳು.

"ಪುಣ್ಯವಂತರು ಬಿಡ್ರಿ ನೀವು. ನಮ್ಮನೆಯವ್ರಿಗೆ ಚಪ್ಪಲಿ ಎಲ್ಲಿ ಬಿಟ್ಟೀನಿ ಅನ್ನೋದೂ ನೆನಪಿರಲ್ಲ."

ಪಾಸ್ಟರುಗಳಿಗೆ ಸಮಯಪಾಲನೆ ಕಲಿಸುವ ತರಬೇತಿ ಅದು. ಹೊರಗಿನಿಂದ ಬಂದಿದ್ದ ತರಬೇತುದಾರ ಬೆಳಗಿನಿಂದ ಡೈರಿ, ಮೊಬೈಲಿನ ಕ್ಯಾಲೆಂಡರ್, ದಿನಕ್ಕೊಂದು ಗಂಟೆ ಫೋನ್ ಸೈಲೆಂಟ್ ಇಡುವುದು ಎಂದೆಲ್ಲ ಹೇಳಿದ್ದ. "ಊರಲ್ಲಿ ಯಾರಾದ್ರೂ ತೀರ್ಕೊಂಡ್ರೆ ಗುರುವಾರ ಬರ್ತೀನಿ ಅನ್ನಾಕಾಗುತ್ತೇನ್ರೀ?" ಎಂದು ವಯಸ್ಸಾದ ಪಾಸ್ಟರೊಬ್ಬರು ಕೇಳಿ ನಗಿಸಿದ್ದರು. ಹಾಗಾದರೆ ನಿಮ್ಮಲ್ಲೇ ಇದನ್ನು ಚೆನ್ನಾಗಿ ನಿಭಾಯಿಸುವವರು ಯಾರು ಎಂದು ತರಬೇತುದಾರ ಕೇಳಿದಾಗ, ಎಲ್ಲರೂ ಪ್ರೇಮಲತಾಳ ಗಂಡ, ಹೊನ್ನಾಳಿಯ ಪಾಲಣ್ಣನ ಕಡೆ ಕೈ ತೋರಿಸಿದ್ದರು.

ಪಾಲಣ್ಣ ಡೈರಿ ಬರೆದು ನೋಡಿ ಬಿಟ್ಟಿದ್ದ. ಮೊಬೈಲಿನ ಅಲಾರಾಂ ಒಮ್ಮೆ ಚರ್ಚಿನಲ್ಲಿ ಉಪದೇಶದ ನಡುವೆ ಬಡಿದುಕೊಂಡ ಮೇಲೆ ಅದನ್ನೂ ತೆಗೆದುಹಾಕಿದ್ದ. ಕೊನೆಗೆ ಕೆಲಸಕ್ಕೆ ಬಂದದ್ದು ಪ್ರೇಮಲತಾ. ಚರ್ಚಿನ ಸಭೆಯ ಹೆಂಗಸರು ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಫೋನಿನಲ್ಲಿ ಅವಳ ಹತ್ತಿರ ಎಲ್ಲ ಹೇಳಿಕೊಳ್ಳುತ್ತಿದ್ದರು. ಬೆಳಿಗ್ಗೆ ಅವನ ತಟ್ಟೆಗೆ ರೊಟ್ಟಿ ಹಾಕುತ್ತ ಅವಳು ಹೇಳುತ್ತಿದ್ದಳು: ಇವತ್ತು ನ್ಯಾಮತಿಯ ಆ ಹುಡುಗಿಗೆ ಆಪರೇಷನ್; ಇಂಥವರ ಮನೆಯಲ್ಲಿ ಮತ್ತೆ ಕುಡಿತ ಶುರುವಾಗಿದೆ, ಹೆಂಡತಿಯ ಎದುರಿಗೆ ಕೇಳಬೇಡಿ. ಅವನು ಹೋಗಿ ಅವರ ತಲೆಯ ಮೇಲೆ ಕೈಯಿಟ್ಟು, "ದೇವರು ನಿನ್ನ ಹೆಸರು ನನ್ನ ಮನಸ್ಸಿಗೆ ತಂದ" ಎನ್ನುತ್ತಿದ್ದ. ಅವರು ಅಳುತ್ತಿದ್ದರು. ಅದು ಪಾಸ್ಟರುಗಳ ಮಾತಿನ ರೀತಿ ಎಂದುಕೊಂಡು ಪ್ರೇಮಲತಾ ಸುಮ್ಮನಿದ್ದಳು. ಮೈಕಿನಲ್ಲಿ ಕೇಳಿದಾಗ ಸುಮ್ಮನಿರಲು ಆಗಲಿಲ್ಲ.

ಬೈಕಿನಲ್ಲಿ ಹೊನ್ನಾಳಿಗೆ ವಾಪಸು ಬರುವಾಗ ಕೇಳಿಯೇಬಿಟ್ಟಳು.

"ನನ್ನ ಬಗ್ಗೆ ಒಂದು ಮಾತು ಹೇಳಬಹುದಿತ್ತಲ್ರೀ."

"ಏನಂತ?"

"ಬೆಳಿಗ್ಗೆ ನೆನಪು ಮಾಡೋರು ಯಾರು ಅಂತ."

ಅವನು ನಕ್ಕ. "ಅದನ್ನ ಸ್ಟೇಜ್ ಮ್ಯಾಲೆ ಹೇಳಾಕಾಗುತ್ತೇನೆ? ಹೆಂಡ್ತಿ ಹೇಳಿದಂಗೆ ಕುಣಿತಾನೆ ಅಂತಾರೆ. ಅಲ್ದೆ ನಿನ್ನ ಬಾಯಲ್ಲಿ ಹೇಳ್ಸೋನೂ ಆತನೇ ಅಲ್ವಾ?"

ಮರುದಿನ ಬೆಳಿಗ್ಗೆ ಅವಳು ರೊಟ್ಟಿ ಹಾಕಿದಳು, ಪಲ್ಯ ಬಡಿಸಿದಳು, ಬೇರೇನೂ ಹೇಳಲಿಲ್ಲ. ಅವನು ಪೇಪರ್ ಓದುತ್ತ ತಿಂದು ಎದ್ದ. ಸಭೆಯವರು ಏನಾದರೂ ಹೇಳಲು ಬಂದರೆ, "ಅವ್ರಿಗೇ ಹೇಳ್ರಿ" ಎನ್ನತೊಡಗಿದಳು. ಅವನು ಒಂದೆರಡು ಮನೆ ತಪ್ಪಿಸಿದ. ಪಾಸ್ಟರಿಗೆ ಕೆಲಸ ಜಾಸ್ತಿಯಾಗಿದೆ ಎಂದು ಜನ ಕನಿಕರಪಟ್ಟರು.

ಆದರೆ ನ್ಯಾಮತಿಯ ಭೀಮಕ್ಕ ಚನ್ನಗಿರಿಯ ತರಬೇತಿಗಿಂತ ಮೊದಲೇ ಹೇಳಿಹೋಗಿದ್ದಳು. ಅವಳ ಗಂಡ ತೀರಿಕೊಂಡು ವರ್ಷವಾಗುವ ದಿನ ಮನೆಯಲ್ಲಿ ಪ್ರಾರ್ಥನೆ ಇಡಿಸಬೇಕಿತ್ತು. ಅವರ ಬೀದಿಯಲ್ಲಿ ಚರ್ಚಿಗೆ ಬರುವುದು ಅದೊಂದೇ ಮನೆ. ಪೂಜೆಯಿಲ್ಲದೆ ಹೂಳುತ್ತಾರೆಂದು ಭಾವಂದಿರು ಮಣ್ಣಿಗೂ ಬಂದಿರಲಿಲ್ಲ. ಈ ಸಲ ಅವರನ್ನೆಲ್ಲ ಕರೆದಿದ್ದಳು. "ನಮ್ಮಲ್ಲೂ ಸತ್ತೋರನ್ನ ನೆನೀತಾರೆ ಅಂತ ಅವ್ರು ಕಣ್ಣಾರೆ ನೋಡ್ಲಿ ಪಾಸ್ಟರಮ್ಮ" ಎಂದು ಪ್ರೇಮಲತಾಳ ಕೈ ಹಿಡಿದುಕೊಂಡು ಹೇಳಿದ್ದಳು.

ಆ ದಿನ ಬೆಳಿಗ್ಗೆ ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಪಾಲಣ್ಣ ಕಾಲು ಚಾಚಿ, "ಇವತ್ತು ಏನೂ ಇಲ್ಲ. ದೇವರು ಬಿಡುವು ಕೊಟ್ಟಾನೆ" ಎಂದ. ಪ್ರೇಮಲತಾ ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಭೀಮಕ್ಕ ಫೋನ್ ಮಾಡುತ್ತಾಳೆ, ಇವರು ನಾಚಿಕೆಪಟ್ಟು ಓಡುತ್ತಾರೆ, ಆಗ ತಿಳಿಯುತ್ತದೆ ಎಂದುಕೊಂಡಳು.

ಊಟವಾದ ಮೇಲೆ ಅವನು ಫೋನ್ ಸೈಲೆಂಟ್ ಇಟ್ಟು ಮಲಗಿದ. ತರಬೇತಿಯಲ್ಲಿ ಕಲಿತದ್ದರಲ್ಲಿ ಅದೊಂದು ಅವನಿಗೆ ಹಿಡಿಸಿತ್ತು. ಮೇಜಿನ ಮೇಲೆ ಫೋನ್ ಬೆಳಗಿತು. ಭೀಮಕ್ಕ. ಪ್ರೇಮಲತಾ ನೋಡುತ್ತ ನಿಂತಳು. ಆರಿತು, ಮತ್ತೆ ಬೆಳಗಿತು. ಎತ್ತಲೋ ಬೇಡವೋ ಎನ್ನುವಷ್ಟರಲ್ಲಿ ಮತ್ತೆ ಆರಿತು. ಆಮೇಲೆ ಬರಲಿಲ್ಲ. ಆಗ ಅವಳಿಗೆ ಭಯವಾಯಿತು. ಗಂಡನ ಭುಜ ಹಿಡಿದು ಅಲುಗಾಡಿಸಿದಳು.

ಅವರು ನ್ಯಾಮತಿ ಮುಟ್ಟಿದಾಗ ಶಾಮಿಯಾನದವರು ಕುರ್ಚಿ ಒಂದರ ಮೇಲೊಂದು ಜೋಡಿಸುತ್ತಿದ್ದರು. ಒಳಗೆ ಹಾರ ಹಾಕಿದ ಫೋಟೋದ ಮುಂದೆ ಭೀಮಕ್ಕ ಒಬ್ಬಳೇ ಕೂತಿದ್ದಳು. ಭಾವಂದಿರು ಕಾದು ಕಾದು, ಊಟಕ್ಕೂ ಕೂರದೆ ಹೋಗಿದ್ದರು. "ಇದೇ ಏನು ನೀವು ನೆನೆಯೋದು?" ಎಂದು ದೊಡ್ಡ ಭಾವ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಅಂದಿದ್ದನಂತೆ.

ಪಾಲಣ್ಣ ಕೈಮುಗಿದ. "ತಪ್ಪಾತು ಭೀಮಕ್ಕ. ಮನಸ್ಸಿಗೇ ಬರಲಿಲ್ಲ."

"ನಿಮಗೆ ಎಷ್ಟು ಊರು, ಎಷ್ಟು ಮನಿ. ನಿಮ್ಮನ್ನ ಹೆಂಗೆ ಅನ್ನಲಿ ಪಾಸ್ಟರೇ?" ಅವಳು ಪ್ರೇಮಲತಾಳ ಕಡೆ ತಿರುಗಿದಳು. "ಇವ್ರಿಗೆ ಹೇಳಿದ್ದೆ. ಕೈ ಹಿಡಕೊಂಡು ಹೇಳಿದ್ದೆ. ಒಂದು ಮಾತು ನೆನಪು ಮಾಡಾಕೆ ಏನಾಗಿತ್ತು ನಿಮಗೆ?"

ಪಾಲಣ್ಣ ಹೆಂಡತಿಯನ್ನು ನೋಡಿದ. ಆಮೇಲೆ ಮೆಲ್ಲಗೆ, "ಈಚೆಗೆ ಇವ್ಳಿಗೆ ಮರೆವು ಜಾಸ್ತಿ ಆಗೈತೆ" ಎಂದ.

ಮರೆತಿರಲಿಲ್ಲ ಎನ್ನಲು ಪ್ರೇಮಲತಾ ಬಾಯಿ ತೆರೆದಳು. ಹಾಗೆಂದರೆ ಭೀಮಕ್ಕನಿಗೆ ಇನ್ನೂ ಹೆಚ್ಚು ನೋವಾಗುತ್ತಿತ್ತು. "ತಪ್ಪು ನಂದೇ ಭೀಮಕ್ಕ" ಎಂದಳು. ಅದು ನಿಜವೂ ಆಗಿತ್ತು.

ಪಾಲಣ್ಣ ಮೊಣಕಾಲೂರಿ ಪ್ರಾರ್ಥಿಸಿದ. ಒಳ್ಳೆಯ ಪ್ರಾರ್ಥನೆ, ಅವನ ದನಿಯೂ ಒಡೆಯಿತು. ಭೀಮಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಅವನಿಗೆ ಚಹಾ ತಂದುಕೊಟ್ಟಳು. ಪ್ರೇಮಲತಾಗೆ ಬೇಕೇ ಎಂದೂ ಕೇಳಲಿಲ್ಲ. ಪ್ರೇಮಲತಾ ಹಿತ್ತಲಿಗೆ ಹೋಗಿ, ಸೀರೆ ಎತ್ತಿಕಟ್ಟಿ, ಅನ್ನ ಮಾಡಿದ್ದ ದೊಡ್ಡ ಪಾತ್ರೆಯ ಮುಂದೆ ಕೂತು ಉಜ್ಜತೊಡಗಿದಳು.

ಒಳಗೆ ಪಾಲಣ್ಣನಿಗೆ ಫೋನ್ ಬಂತು. ಅವನ ದನಿ ಮೊದಲಿನಂತಾಯಿತು. "ಹೌದು ಸಾರ್... ಒಂದು ನಿಮಿಷ ಸಾರ್..." ಎಂದವನು ಹಿತ್ತಲ ಕಡೆಗೆ ಕೂಗಿದ. "ಪ್ರೇಮಾ, ಮುಂದಿನ ಶನಿವಾರ ಜಗಳೂರಿನ ತರಬೇತಿಗೆ ಬರ್ರಿ ಅಂತಾರೆ. ಸಮಯಪಾಲನೆ ಬಗ್ಗೆನೇ ಮಾತಾಡ್ಬೇಕಂತೆ. ಅವತ್ತು ನಂದೇನಾದ್ರೂ ಐತೇನು?"

ಪ್ರೇಮಲತಾ ತಲೆಯೆತ್ತಿದಳು. ಹಿತ್ತಲ ಬಾಗಿಲಲ್ಲಿ ಭೀಮಕ್ಕ ನಿಂತಿದ್ದಳು, ಅವಳನ್ನೇ ನೋಡುತ್ತ.

"ಬೆಳಿಗ್ಗೆ ಕತ್ತಲಗೆರೆಯಲ್ಲಿ ಒಂದು ಮಗೀಗೆ ದೀಕ್ಷಾಸ್ನಾನ ಐತೆ" ಎಂದಳು ಪ್ರೇಮಲತಾ. "ಮಧ್ಯಾಹ್ನದ ಮ್ಯಾಲೆ ಬರ್ತೀನಿ ಅನ್ರಿ."

ಒಳಗೆ ಅವನು ಅದನ್ನೇ ಫೋನಿನಲ್ಲಿ ಹೇಳಿದ. ಅವಳು ಪಾತ್ರೆಯನ್ನು ಓರೆ ಮಾಡಿದಳು. ತಳಕ್ಕೆ ಹತ್ತಿದ್ದ ಅನ್ನ ನೀರಿನೊಂದಿಗೆ ಕಾಲುವೆಗೆ ಹರಿಯಿತು. ಎಲ್ಲಿಂದಲೋ ಬಂದ ಕೋಳಿಯೊಂದು ಅಗುಳುಗಳನ್ನು ಹೆಕ್ಕತೊಡಗಿತು.