ರುಹಿಯ ಇಂಟರ್‌ವ್ಯೂ

ಮೂರೂವರೆ ವರ್ಷದ ಮಗುವಿಗೆ ಇಂಟರ್‌ವ್ಯೂ ಅಂತೆ! ಕೊಪ್ಪದಲ್ಲಿ ನಮ್ಮ ಕೈಗೆಟುಕೋ ನರ್ಸರಿ ಅಂತ ಇದ್ದಿದ್ದು ಅದೊಂದೇ. ಹೊಸ ಫ್ರಾಕ್ ಹಾಕಿ ಮಗಳು ರುಹಿಯನ್ನು ಕರಕೊಂಡು ಹೋದೆ. ಮಿಸ್ಸು ಬಾಳೆಹಣ್ಣಿನ ಚಿತ್ರ ತೋರಿಸಿ ಇಂಗ್ಲಿಷಲ್ಲಿ ಏನೋ ಕೇಳಿದರು. ದಿನಾ ಎರಡು ಬಾಳೆಹಣ್ಣು ತಿನ್ನೋ ಹುಡುಗಿ ಬಾಯೇ ಬಿಡಲಿಲ್ಲ.

"ಮನೇಲಿ ಇಂಗ್ಲಿಷ್ ಮಾತಾಡಿಸಿ, ಮುಂದಿನ ವರ್ಷ ಬನ್ನಿ," ಅಂದರು.

ನನಗೆ ಮೈಯೆಲ್ಲ ಉರಿದುಹೋಯ್ತು. ಮನೇಲಿ ಉರ್ದು, ನಮ್ಮ ಚಪ್ಪಲಿ ಅಂಗಡೀಲಿ ಕನ್ನಡ. ಇಷ್ಟು ಸಣ್ಣ ಮಗುವಿಗೆ ಇನ್ನೆಷ್ಟು ನಾಲಿಗೆ ಬೇಕು?

"ಅಂಗನವಾಡಿ ಮಾತ್ರ ಬೇಡ, ಜನ ಏನಂತಾರೆ," ಅಂತ ಗಂಡ ಇಸ್ರಾರ್ ಮೊದಲೇ ಹೇಳಿದ್ದರು. ಅಂದುಕೊಳ್ಳಲಿ ಅಂತ ಮಧ್ಯಾಹ್ನ ನೇರ ಅಂಗನವಾಡಿಗೇ ಹೋದೆ. ಮಕ್ಕಳು ಊಟಕ್ಕೆ ಕೂತಿದ್ದರು. ರುಹಿ ನನ್ನ ಕೈ ಬಿಡಿಸಿಕೊಂಡು ಹೋಗಿ ಒಬ್ಬ ಹುಡುಗನ ಪಕ್ಕ ಕೂತು, ಅವನ ತಟ್ಟೆಯ ಮೊಟ್ಟೆಗೇ ಕೈ ಹಾಕಿ ಹರಟೆ ಶುರು ಮಾಡಿದಳು. ಅಷ್ಟರಲ್ಲಿ ಆ ಹುಡುಗನನ್ನು ಕರಕೊಂಡು ಹೋಗೋಕೆ ಅವನ ಅಮ್ಮ ಬಂದರು. ನೋಡಿದರೆ, ಬೆಳಗಿನ ಮಿಸ್ಸು!

ನಾನು ಜಗಳಕ್ಕೇ ಹೊರಟೆ. ಅಷ್ಟರಲ್ಲಿ ಅವರೇ ಮೆಲ್ಲಗೆ, "ನನ್ನ ಸಂಬಳಕ್ಕೆ ಆ ಸ್ಕೂಲ್ ಎಟುಕಲ್ಲ ಮಾರಾಯ್ರೆ," ಅಂದರು.

ನಾನು ರುಹಿಯ ಕೈಲಿದ್ದ ಮೊಟ್ಟೆ ಬಿಡಿಸಿ ಅವರ ಮಗನ ತಟ್ಟೆಗೆ ವಾಪಸ್ ಇಟ್ಟೆ.